ಹೇಳಿದಾಗಲೇ ಬರಬೇಕಿತ್ತಂತೆ!

ಕೃಷ್ಣೆ ಉಕ್ಕಿ ಏರಿದ ವರ್ಷಗಳಲ್ಲೆಲ್ಲ ನದಿದಂಡೆಯ ನಮ್ಮ ಜುಗೂಳ, ಮಂಗಾವತಿ ಊರುಗಳವರಿಗೆ ಒಂದು ಪ್ರಶ್ನೆ ಕಟ್ಟಿಟ್ಟದ್ದು: 'ಡಂಗುರ ಹೊಡೆದಾಗಲೇ ಯಾಕೆ ಮನೆ ಬಿಡಲಿಲ್ಲ?' ಕೇಳುವವರು ಜೀಪಿನಲ್ಲಿ ಬಂದವರು. ಎಮ್ಮೆ ಎಲ್ಲಿ ಕಟ್ಟಬೇಕು, ಮೇವು ಎಲ್ಲಿ ಒಟ್ಟಬೇಕು, ಬಾಣಂತಿಯನ್ನು ಯಾವ ಸಾಲಿಯ ಕಟ್ಟೆ ಮೇಲೆ ಮಲಗಿಸಬೇಕು ಎಂದು ತಿರುಗಿ ಕೇಳಿದರೆ ಜೀಪಿನವರು ನದಿ ಕಡೆ ಮುಖ ಮಾಡುತ್ತಾರೆ. 2005ರಲ್ಲಿ ಕೇಳಿದರು, 2019ರಲ್ಲಿ ಕೇಳಿದರು, 2021ರಲ್ಲೂ ಕೇಳಿದರು. ಶಿರಗುಪ್ಪಿಯ ಚಹಾದಂಗಡಿಯಲ್ಲಿ ಕೂತು ಈ ಪ್ರಶ್ನೆಗೆ ಬಾಯಿತುಂಬ ಬೈದವರೇ, 2022ರ ಮಾರ್ಚಿನಲ್ಲಿ ಟಿವಿ ನೋಡುತ್ತ, ಯುದ್ಧ ಹತ್ತಿದ ಉಕ್ರೇನಿನಲ್ಲಿ ಸಿಕ್ಕಿಬಿದ್ದ, ಡಾಕ್ಟರಿಕೆ ಓದಲು ಹೋದ ನಮ್ಮ ಹುಡುಗರ ಮೇಲೆ ಅದನ್ನೇ ಎಸೆದರು. "ಎಂಬಸಿಯವರು ಹೇಳಿದಾಗನ ಬರಬೇಕಿತ್ತಲ್ರೀ. ಅಪ್ಪನ ರೊಕ್ಕ, ಮಜಾ ಮಾಡ್ಕೋತ ಕುಂತಾವು." ನನ್ನ ಸಿಟ್ಟು ದಿಲ್ಲಿಯ ಮೇಲಷ್ಟೇ ಅಲ್ಲ, ಆ ಚಹಾದಂಗಡಿಯ ಬೆಂಚಿನ ಮೇಲೂ ಇದೆ.

ಉಕ್ರೇನಿನ ಭಾರತೀಯ ರಾಯಭಾರ ಕಚೇರಿ ಹೇಳಿದ್ದೇನು? 2022ರ ಫೆಬ್ರುವರಿ 15ರಂದು ಹೊರಟ ಸೂಚನೆಯಲ್ಲಿ ಇದ್ದದ್ದಿಷ್ಟು: ಭಾರತೀಯರು, ಅದರಲ್ಲೂ ಅಲ್ಲಿ ಉಳಿಯುವುದು ಅನಿವಾರ್ಯವಲ್ಲದ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಬಹುದು. ಹೊರಡಿ ಎಂದಲ್ಲ, ಪರಿಗಣಿಸಬಹುದು ಎಂದು. ಕಾಲೇಜುಗಳು ಆನ್‌ಲೈನ್ ಪಾಠದ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ತರಗತಿ ತಪ್ಪಿದರೆ ವರ್ಷವೇ ಹೋದೀತೆಂಬ ಭಯ. ವಿಮಾನದ ದರ ದಿನದಿನಕ್ಕೂ ಏರುತ್ತಿತ್ತು. ಕಬ್ಬಿನ ಬಿಲ್ ಬಂದ ಮೇಲೆ ಕಂತು ಕಟ್ಟುವ ಮನೆಯ ಮಗ ಆ ಹಾಳೆ ಓದಿ ಏನು ಪರಿಗಣಿಸಬೇಕಿತ್ತು? ಕಾಲೇಜಿನ ಮಾತಿಗೆ ಕಾಯಬೇಡಿ, ಬನ್ನಿ ಎಂಬ ಮಾತು ಬಂದದ್ದು 22ನೇ ತಾರೀಕಿಗೆ. 24ರ ಬೆಳಿಗ್ಗೆ ಯುದ್ಧವೇ ಬಿತ್ತು. ಅಂದು ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ದಿಲ್ಲಿಗೆ ವಾಪಸ್.

ಇದರ ಇನ್ನೊಂದು ಮುಖ ನೋಡಿ. ಸೂಚನೆಗೆ ಕಿವಿಗೊಟ್ಟು ಮೊದಲೇ ಹೊರಟವನು ಟಿಕೆಟ್ ದುಡ್ಡನ್ನು ತನ್ನ ಜೇಬಿನಿಂದ ಕೊಟ್ಟ. ಬಾಂಬ್ ಬಿದ್ದ ಮೇಲೆ ಬಂದವನಿಗೆ ಪುಕ್ಕಟೆ ವಿಮಾನ, ನಿಲ್ದಾಣದಲ್ಲಿ ಮಂತ್ರಿಯ ಕೈಯಿಂದ ಗುಲಾಬಿ, ಕ್ಯಾಮೆರಾ. ಅದಕ್ಕೆ 'ಆಪರೇಷನ್ ಗಂಗಾ' ಎಂಬ ಹೆಸರು. ವಿಮಾನ ಹಾರಿದ್ದು ರುಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾದಿಂದ. ಅಲ್ಲಿಯ ತನಕ ರೈಲಿನಲ್ಲಿ ನಿಂತು, ಬಸ್ಸಿಗೆ ಚಂದಾ ಎತ್ತಿ, ಹಿಮದಲ್ಲಿ ನಡೆದು ಬಂದವರು ಆ ಮಕ್ಕಳೇ. ಉತ್ತರ ಪ್ರದೇಶದಲ್ಲಿ ಆಗ ಚುನಾವಣೆ ನಡೆದಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಾರ್ಚ್ 1. ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಖಾರ್ಕಿವ್‌ನಲ್ಲಿ ದಿನಸಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸತ್ತ. ಮಾರನೇ ದಿನ ರಾಯಭಾರ ಕಚೇರಿ ಖಾರ್ಕಿವ್‌ನವರಿಗೆ ಹೇಳಿತು: ಸಂಜೆ 6ರೊಳಗೆ ಊರು ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಪಿಸೋಚಿನ್, ಬಾಬಾಯ್, ಬೆಜ್ಲ್ಯುಡಿವ್ಕಾ ಸೇರಿ. ಹತ್ತು-ಹದಿನಾರು ಕಿಲೋಮೀಟರ್, ಶೆಲ್ಲಿನ ಮಳೆಯಲ್ಲಿ. ಮಗನಿಗೆ ಪಿಯುಸಿಯಲ್ಲಿ ಶೇ 97 ಬಂದಿತ್ತು, ಆದರೂ ರಾಜ್ಯದಲ್ಲಿ ಸೀಟು ಸಿಗಲಿಲ್ಲ ಎಂದು ನವೀನನ ತಂದೆ ಮೈಕುಗಳ ಮುಂದೆ ಹೇಳಿದರು. ಅದೇ ಹೊತ್ತಿಗೆ ಧಾರವಾಡದ ಸಂಸದ, ಕೇಂದ್ರ ಮಂತ್ರಿ ಪ್ರಲ್ಹಾದ ಜೋಶಿಯವರು ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ಶೇ 90ರಷ್ಟು ಮಂದಿ ಇಲ್ಲಿಯ ಅರ್ಹತಾ ಪರೀಕ್ಷೆಯಲ್ಲಿ ಫೇಲಾಗುತ್ತಾರೆ ಎಂದು ಲೆಕ್ಕ ಒಪ್ಪಿಸಿದರು. ಮನೆಯವರು ಹೆಣಕ್ಕಾಗಿ ಕಾಯುತ್ತಿದ್ದಾಗ ಹುಬ್ಬಳ್ಳಿ-ಧಾರವಾಡದ ಶಾಸಕ ಅರವಿಂದ ಬೆಲ್ಲದ ಅವರು ವಿಮಾನದಲ್ಲಿ ಒಂದು ಶವ ಹಿಡಿಸುವ ಜಾಗದಲ್ಲಿ ಎಂಟ್ಹತ್ತು ಜನರನ್ನು ತರಬಹುದು ಎಂದರು. ಇಬ್ಬರೂ ನಮ್ಮ ಸೀಮೆಯವರು, ನಮ್ಮ ಮಾತು ಆಡುವವರು. ಸತ್ತವರ ಮನೆ ಮುಂದೆ ಹಲಗಿ ಬಾರಿಸುವವನಿಗೂ ಎಷ್ಟು ಮಾತಾಡಬೇಕು ಎಂಬುದು ಗೊತ್ತಿರುತ್ತದೆ. ಹೆಣ ಬಂದದ್ದು ಮಾರ್ಚ್ 21ಕ್ಕೆ. ಡಾಕ್ಟರ್ ಆಗಲು ಹೋದವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ಈ ಮಕ್ಕಳು ಅಷ್ಟು ದೂರ ಹೋಗಿದ್ದಾದರೂ ಯಾಕೆ? ನಮ್ಮ ಶಿರಗುಪ್ಪಿಯಿಂದ ಮಹಾರಾಷ್ಟ್ರದ ಮಿರಜ್ ಏನು ಮಹಾ ದೂರ! ಹೊಟ್ಟೆನೋವಿನಿಂದ ಹೆರಿಗೆಯ ತನಕ ನಾವು ಓಡುವುದು ಅಲ್ಲಿಗೇ. ಆಸ್ಪತ್ರೆ ಪಕ್ಕದ ರಾಜ್ಯದಲ್ಲಿ, ಡಾಕ್ಟರಿಕೆ ಕಲಿಯಬೇಕೆಂದರೆ ಖಾರ್ಕಿವ್‌ನಲ್ಲಿ. ವೈದ್ಯಕೀಯ ಕಾಲೇಜುಗಳಿಗೆ ಕರ್ನಾಟಕದಲ್ಲಿ ಬರಗಾಲವೇನಿಲ್ಲ. ಖಾಸಗಿಯವರು ಅದನ್ನು ದಂಧೆ ಮಾಡಿಕೊಂಡ ಕಥೆಗೂ ವಯಸ್ಸಾಗಿದೆ. ಸೀಟಿಗೆ ಕ್ಯಾಪಿಟೇಷನ್ ಶುಲ್ಕ ಕೀಳುವುದನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ 1984ರಲ್ಲೇ ತಂದಿತು. 1992ರಲ್ಲಿ ಖಾಸಗಿ ಕಾಲೇಜಿನ ಶುಲ್ಕದ ವಿರುದ್ಧದ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ದರಪಟ್ಟಿ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರಗಿನವರಿಗೆ 60,000. ಕೋರ್ಟು ಅದನ್ನು ತಪ್ಪೆಂದಿತು. ಆ ಮೇಲೆ ತೀರ್ಪುಗಳು ಬಂದವು, ಹೋದವು, ದರಪಟ್ಟಿ ಬೆಳೆಯಿತು. ಈಗ ಮ್ಯಾನೇಜ್‌ಮೆಂಟ್ ಸೀಟೆಂದರೆ ಕೋಟಿಯ ಮಾತು, ಯುದ್ಧಕ್ಕೆ ಮೊದಲು ಉಕ್ರೇನಿನಲ್ಲಿ ಇಡೀ ಕೋರ್ಸು 25 ಲಕ್ಷದ ಆಸುಪಾಸಿನಲ್ಲಿತ್ತು. ಎರಡೆಕರೆ ಅಡವಿಟ್ಟರೆ ಹೇಗೋ ಆಗುವ ಲೆಕ್ಕ ಅದು. ಇಲ್ಲಿಯದಕ್ಕೆ ಊರನ್ನೇ ಅಡವಿಡಬೇಕು.

ಗುಲಾಬಿ ಹಿಡಿದು ಬಂದ ಮಕ್ಕಳ ಗತಿ ಮುಂದೇನಾಯಿತು ಎಂದು ಟಿವಿಯವರು ಕೇಳಲಿಲ್ಲ. ರಾಜ್ಯದ ಮಂತ್ರಿಗಳು ಇಲ್ಲಿಯೇ ಓದಿಸುತ್ತೇವೆ ಎಂದು ಮೊದಲು ಬೆನ್ನು ಸವರಿದರು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಹಾಕಿ, ಇವರನ್ನು ಇಲ್ಲಿಯ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಿತು. ಅದರಲ್ಲೇ, ಇವರು ಹೊರಗೆ ಹೋದದ್ದು ನೀಟ್‌ನಲ್ಲಿ ಅಂಕ ಕಡಿಮೆ ಎಂದು, ಇಲ್ಲವೇ ಅಲ್ಲಿ ಖರ್ಚು ಕಡಿಮೆ ಎಂದು ಬರೆದಿತ್ತು. ಅಂಕ ಕಡಿಮೆ ಇದ್ದೂ ದುಡ್ಡಿದ್ದವನು ಇಲ್ಲಿಯೇ ಕೋಟಿ ಕೊಟ್ಟು ಡಾಕ್ಟರ್ ಆಗುತ್ತಾನಲ್ಲ, ಅವನ ಬಗ್ಗೆ ಅಫಿಡವಿಟ್ ಬರೆದವರು ಯಾರು? ಕೊನೆಯ ವರ್ಷಗಳವರಿಗೆ ಒಂದು ಸಲದ ಪರೀಕ್ಷೆಯ ದಾರಿ ಸಿಕ್ಕಿದ್ದು 2023ರಲ್ಲಿ. ನಡುವಿನವರು ಮತ್ತೆ ಬ್ಯಾಗು ಕಟ್ಟಿ ಇನ್ನೊಂದು ದೇಶ ಹುಡುಕಿದರು.

ಇಷ್ಟಾದರೂ ಇವರಿಗೆ ಪಾಸ್‌ಬುಕ್ ಇರುವ ಅಪ್ಪಂದಿರಿದ್ದರು. ಮರುವರ್ಷ ಸುಡಾನಿನಲ್ಲಿ ಸಿಕ್ಕಿಬಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನವರಿಗೆ ಅದೂ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆ ಕಸಿದ ಮೇಲೆ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಿ ಬದುಕಿದ ಜನ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯಿಂದ ಸಾಲ ಮಾಡಿ ಆಫ್ರಿಕಕ್ಕೆ ಹೋಗಿದ್ದರು. 2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಸೈನ್ಯವೂ ಅರೆಸೈನ್ಯವೂ ಬಡಿದಾಡಿಕೊಂಡವು. ಎಲ್ ಫಾಶರ್ ಊರಿನಲ್ಲಿ ಇವರ 31 ಜನ ಅನ್ನ-ನೀರಿಲ್ಲದೆ ಸಿಕ್ಕಿಬಿದ್ದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಇವರನ್ನು ಕಾಪಾಡಿ ಎಂದು ಟ್ವೀಟ್ ಮಾಡಿದರು. ವಿದೇಶಾಂಗ ಮಂತ್ರಿ ಜೈಶಂಕರ್ ಅವರಿಗೆ ಮೊದಲು ಕಂಡದ್ದು ಅದರಲ್ಲಿಯ ರಾಜಕೀಯ. ನಮ್ಮಲ್ಲಿ ಮೇ ತಿಂಗಳಿಗೆ ಚುನಾವಣೆ ಇತ್ತಲ್ಲ, ಇಬ್ಬರಿಗೂ ಅದು ನೆನಪಿತ್ತು. ಕಡೆಗೆ 'ಆಪರೇಷನ್ ಕಾವೇರಿ' ಆಯಿತು, ಪೋರ್ಟ್ ಸುಡಾನ್ ದಾಟಿ ಜೆಡ್ಡಾ ಮೂಲಕ ಜನ ಬಂದರು. ಜೀವ ಉಳಿಯಿತು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಮಾಲು ಅಲ್ಲೇ ಉಳಿಯಿತು, ಸಾಲ ಇಲ್ಲೇ ಕಾಯುತ್ತಿತ್ತು. ಮಾರದ ಎಣ್ಣೆಯ ಡಬ್ಬಿ ಮುಂದಿಟ್ಟುಕೊಂಡವನಿಗೆ ಮೊದಲೇ ಬರಬೇಕಿತ್ತು ಎನ್ನುವುದು ಯಾವ ಬಾಯಿಂದ?

2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ಗುಂಪುಗಳು ನುಗ್ಗಿದವು. ಜುಲೈನಲ್ಲಿ ಬಾಂಗ್ಲಾದೇಶ ಹೊತ್ತಿ ಉರಿದು ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಗಡಿ ದಾಟಿ ಬಂದರು. ಅವರಲ್ಲೂ ಹೆಚ್ಚಿನವರು ಡಾಕ್ಟರ್ ಆಗಲು ಹೋದವರೇ. ಇದು ಮತ್ತೆ ಆಗುತ್ತದೆ. ಸೂಚನೆ ಬರೆಯುವ ಅಧಿಕಾರಿ ಮುಂದಿನ ಸಲ 'ಪರಿಗಣಿಸಬಹುದು' ಎಂಬಲ್ಲಿಗೆ ಪೆನ್ನು ಎತ್ತಬಾರದು. ಟಿಕೆಟ್ಟಿನ ದುಡ್ಡು ಯಾರು ಕೊಡುತ್ತಾರೆ, ಬ್ಯಾಂಕಿನ ಕಂತು ಎಷ್ಟು ತಿಂಗಳು ನಿಲ್ಲುತ್ತದೆ, ಇಲ್ಲಿ ಯಾವ ಕಾಲೇಜು ಯಾವ ಫೀಸಿಗೆ ಸೇರಿಸಿಕೊಳ್ಳುತ್ತದೆ, ಬಿಟ್ಟುಬಂದ ಮಾಲಿಗೆ ಎಷ್ಟು ಪರಿಹಾರ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಆಮೇಲೂ ಬರದವನಿದ್ದರೆ ನನ್ನ ಮುಂದೆ ತಂದು ನಿಲ್ಲಿಸಿ, ನಾನೂ ಬೈಯುತ್ತೇನೆ.