ಹಾಡಿದವರ ಹಕ್ಕು: ಜನಪದ ಕಾವ್ಯ ಸಂಪಾದನೆ ಮತ್ತು ಕೃತಿಸ್ವಾಮ್ಯ

ಜನಪದ ಕಾವ್ಯಗಳ ಮುದ್ರಿತ ಸಂಪುಟಗಳಲ್ಲಿ ಕೃತಿಸ್ವಾಮ್ಯದ ಸಾಲು ಸಾಮಾನ್ಯವಾಗಿ ಸಂಪಾದಕರ ಅಥವಾ ಪ್ರಕಾಶಕ ಸಂಸ್ಥೆಯ ಹೆಸರಿನಲ್ಲಿರುತ್ತದೆ. ರಾತ್ರಿಯಿಡೀ ಹಾಡಿ ಕಾವ್ಯವನ್ನು ಒಪ್ಪಿಸಿದ ಕಂಸಾಳೆಯವರು, ನೀಲಗಾರರು ಹೆಚ್ಚಿನ ಸಂದರ್ಭಗಳಲ್ಲಿ ಮುನ್ನುಡಿಯ ಕೃತಜ್ಞತೆಯಲ್ಲಿ ಅಥವಾ ಅನುಬಂಧದ ವಕ್ತೃಗಳ ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಕಾನೂನಿನ ಹಾಗೂ ಸಂಶೋಧನ ನೀತಿಯ ಪ್ರಶ್ನೆ.

1957ರ ಕೃತಿಸ್ವಾಮ್ಯ ಕಾಯಿದೆಯು ವಿಚಾರವನ್ನಲ್ಲ, ಅದರ ಅಭಿವ್ಯಕ್ತಿಯನ್ನು ರಕ್ಷಿಸುತ್ತದೆ. ಸಾಹಿತ್ಯ ಕೃತಿಗೆ ಕರ್ತೃವಿನ ಜೀವಿತಕಾಲ ಹಾಗೂ ಮರಣಾನಂತರದ 60 ವರ್ಷಗಳ ರಕ್ಷಣೆಯಿದೆ; ನೋಂದಣಿ ಕಡ್ಡಾಯವಲ್ಲ. ತಲೆಮಾರುಗಳಿಂದ ಬಂದ ಮಾದೇಶ್ವರನ ಕಥೆಗೆ ಇಂತಹ ಒಬ್ಬ ಕರ್ತೃವಿಲ್ಲ. ಆದ್ದರಿಂದ ಅದು ಎಲ್ಲರ ಸೊತ್ತು ಎಂಬ ಮಾತು ಸರಿ. ಆದರೆ ಅಚ್ಚುಹಾಕಿಸಿದವರೇ ಅದರ ಒಡೆಯರು ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ತೀರ್ಪುಗಳ ವರದಿಗಳನ್ನು ಕುರಿತ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈ ಅಂಶವನ್ನು ಸ್ಪಷ್ಟಪಡಿಸಿತು. ಮೂಲ ತೀರ್ಪಿನ ಪಠ್ಯ ಸಂಪಾದಕರದಾಗುವುದಿಲ್ಲ. ಅವರ ಕೌಶಲ, ವಿವೇಚನೆ ಮತ್ತು ಕಿಂಚಿತ್ತಾದರೂ ಸೃಜನಶೀಲತೆ ಸೇರಿದ ಭಾಗಕ್ಕೆ ಮಾತ್ರ ಅವರಿಗೆ ಹಕ್ಕುಂಟು. ಈ ತತ್ತ್ವವನ್ನು ಜನಪದ ಸಂಪಾದನೆಗೆ ಅನ್ವಯಿಸಿದರೆ ಪ್ರಸ್ತಾವನೆ, ಟಿಪ್ಪಣಿ, ಅರ್ಥಕೋಶಗಳು ಸಂಪಾದಕರವು, ಕಾವ್ಯ ಅವರದಲ್ಲ.

ಹಾಡಿದವರ ವಿಷಯದಲ್ಲಿ ಕಾನೂನು ಪೂರ್ಣ ಮೌನವಾಗಿಲ್ಲ. 1994ರ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು. ಇಂದು ಅದರ ಅವಧಿ 50 ವರ್ಷ. 2001ರಲ್ಲಿ ಧ್ವನಿಮುದ್ರಿತವಾದ ಹಾಡಿಕೆಗೆ 2051ರ ಅಂತ್ಯದವರೆಗೆ ರಕ್ಷಣೆಯಿದೆ. ಪ್ರದರ್ಶಕರೆಂದು ಹೆಸರಿಸಲ್ಪಡುವ ಹಾಗೂ ಹಾಡಿಕೆಯನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕನ್ನು 2012ರ ತಿದ್ದುಪಡಿ ನೀಡಿತು. ಬೋಧನೆ ಹಾಗೂ ಸಂಶೋಧನೆಗಾಗಿಯೇ ಪ್ರಾಮಾಣಿಕವಾಗಿ ಮಾಡುವ ಧ್ವನಿಮುದ್ರಣಕ್ಕೆ ವಿನಾಯಿತಿಯುಂಟು. ಆದರೆ ವಿಭಾಗದ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲೀಕರಿಸಿ ಅಂತರ್ಜಾಲದಲ್ಲಿ ಬಿತ್ತರಿಸುವ ಕಾರ್ಯ ಈ ವಿನಾಯಿತಿಯೊಳಗೆ ಸೇರುತ್ತದೆಂದು ಭಾವಿಸುವಂತಿಲ್ಲ.

ಪರಂಪರೆ ಸಮುದಾಯದ್ದು, ಒಬ್ಬ ಹಾಡುಗಾರನ ಹೆಸರನ್ನು ಮುಂದೆಮಾಡುವುದು ತಪ್ಪು ಎಂಬ ಆಕ್ಷೇಪ ಬರಬಹುದು. ಕಥೆ ಸಮುದಾಯದ್ದೇ, ಆದರೆ ಪ್ರತಿಯೊಂದು ಹಾಡಿಕೆಯೂ ಮರುಸೃಷ್ಟಿ ಎಂದು ಜಾನಪದ ಶಾಸ್ತ್ರವೇ ಬೋಧಿಸುತ್ತ ಬಂದಿದೆ. ತರಗತಿಯಲ್ಲಿ ಹೇಳುವ ಈ ಮಾತು ಮುಖಪುಟಕ್ಕೆ ಬಂದಾಗ ಮರೆಯಾಗಬಾರದು. ತುಳುವಿನ ಸಿರಿ ಕಾವ್ಯ ಇದಕ್ಕೆ ಉತ್ತಮ ನಿದರ್ಶನ. ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಸಂಪುಟಗಳ ಶೀರ್ಷಿಕೆಯಲ್ಲಿಯೇ ಕಾವ್ಯವು ಗೋಪಾಲ ನಾಯ್ಕರು ಹಾಡಿದ ರೂಪದ್ದೆಂಬ ಉಲ್ಲೇಖವಿದೆ. ಇದರಿಂದ ವಿದ್ವತ್ತಿನ ಘನತೆ ಕುಗ್ಗಲಿಲ್ಲ. ಪಠ್ಯದ ವಿಶ್ವಾಸಾರ್ಹತೆ ಹೆಚ್ಚಿತು.

ಕನ್ನಡ ವಿಭಾಗಗಳು ಕಾಯಿದೆಯ ಮುಂದಿನ ತಿದ್ದುಪಡಿಗೆ ಕಾಯಬೇಕಾಗಿಲ್ಲ. ಕ್ಷೇತ್ರಕಾರ್ಯದ ವೇಳೆ ದಾಖಲೆ, ಪ್ರಕಟಣೆ, ಅಂತರ್ಜಾಲ ಪ್ರಸಾರ ಇವುಗಳಿಗೆ ಪ್ರತ್ಯೇಕವಾದ ಒಪ್ಪಿಗೆಯನ್ನು ಸರಳ ಕನ್ನಡದಲ್ಲಿ ಓದಿಹೇಳಿ ಬರಹದಲ್ಲಿ ಪಡೆಯುವುದು, ಮುಖಪುಟದಲ್ಲಿ ಹಾಡಿದವರ ಹೆಸರನ್ನು ನಮೂದಿಸುವುದು, ಮಾರಾಟದ ಗೌರವಧನದಲ್ಲಿ ಅವರಿಗೂ ಅವರ ವಾರಸುದಾರರಿಗೂ ಪಾಲು ನಿಗದಿಪಡಿಸುವುದು ಇಂದೇ ಸಾಧ್ಯ. ವಿದ್ಯಾರ್ಥಿಯ ಪ್ರಬಂಧದಲ್ಲಿ ಕೃತಿಚೌರ್ಯವನ್ನು ಹುಡುಕುವ ವಿಶ್ವವಿದ್ಯಾಲಯವು ತನ್ನ ಪ್ರಕಟಣೆಗಳಲ್ಲಿ ಹಾಡಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದಾಗ ಮಾತ್ರ ಆ ಹುಡುಕಾಟಕ್ಕೆ ನೈತಿಕ ಬಲ ದೊರೆಯುತ್ತದೆ.