ನಮ್ಮ ಹೆಣ್ಣುಮಕ್ಕಳೂ ವಿಮಾನದ ಪ್ರತಿಕೃತಿಗಳೂ

ಸೋಂಪುರದ ನಮ್ಮ ಶಾಲೆಯ ಕೈಕೆಲಸದ ತರಗತಿಯಲ್ಲಿ ಹೊಲಿಗೆ, ಕಸೂತಿ, ಹೆಣಿಗೆಗಳೊಡನೆ ಹಳೆಯ ನಾಗರಿಕ ವಿಮಾನಗಳ ಚಿಕ್ಕ ಪ್ರತಿಕೃತಿಗಳನ್ನು ಮಾಡುವುದನ್ನೂ ಸೇರಿಸಬೇಕೆಂದು ನಾವು ಸೂಚಿಸಿದಾಗ ಕೆಲವರು ತಾಯ್ತಂದೆಗಳು ನಕ್ಕರು. ಹೆಣ್ಣುಮಕ್ಕಳಿಗೆ ಈ ಆಟಿಕೆ ಏತಕ್ಕೆ? ಅಂಟಿನಿಂದ ಬಟ್ಟೆ ಕೆಡುವುದು, ಚಾಕುವಿನಿಂದ ಬೆರಳು ಕೊಯ್ಯುವುದು. ಇದಲ್ಲದೆ ಬೇರೇನು ಲಾಭ? ಎಂದು ಕೇಳಿದರು. ಪ್ರಶ್ನೆಯು ಮಕ್ಕಳ ಮೇಲಣ ಮಮತೆಯಿಂದಲೇ ಹುಟ್ಟಿದುದು. ಆದುದರಿಂದ ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದೆಣಿಸುತ್ತೇವೆ.

ಪೇಟೆಯಲ್ಲಿ ಪೆಟ್ಟಿಗೆಗಳಲ್ಲಿ ದೊರೆಯುವ ಪ್ರತಿಕೃತಿಗಳು ಬಹುಪಾಲು ಯುದ್ಧವಿಮಾನಗಳವು. ಅವುಗಳ ಭಾಗಗಳೆಲ್ಲವೂ ಸಿದ್ಧವಾಗಿರುವುವು. ಅಂಟಿಸಿದರೆ ಕೆಲಸ ಮುಗಿಯಿತು. ನಾವು ಹೇಳುವುದು ಅವುಗಳನ್ನಲ್ಲ. ಮೈಸೂರು ಸರ್ಕಾರದ ನೆರವಿನೊಡನೆ 1940ರಲ್ಲಿ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯು ಮುಂದೆ ಶಾಂತಿಯ ಕೆಲಸಕ್ಕೂ ವಿಮಾನಗಳನ್ನು ನಿರ್ಮಿಸಿತು. 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಇಬ್ಬರು ಕೂರುವ ಪುಟ್ಟ ವಿಮಾನ. ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲಿಯೇ ಹಾರಲು ಕಲಿತರು. 1972ರಲ್ಲಿ ಹಾರಿದ ‘ಬಸಂತ್’ ಪೈರಿಗೆ ಔಷಧ ಸಿಂಪಡಿಸುವುದಕ್ಕೆಂದು ಮಾಡಿದುದು. ಮುಂದೆ ಔಷಧದ ತೊಟ್ಟಿ, ಅದರ ಹಿಂದೆ ಚಾಲಕನ ಪೀಠ. ಇವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಇವುಗಳ ಪ್ರತಿಕೃತಿಯನ್ನು ಅಂಗಡಿಯಲ್ಲಿ ಕೇಳಿದರೆ ಸುಲಭವಾಗಿ ಸಿಗದು. ಆ ಕೊರತೆಯೇ ನಮಗೆ ಅನುಕೂಲ.

ಏಕೆಂದರೆ, ಕೊಳ್ಳಲಾಗದ್ದನ್ನು ಅಳೆದು ಮಾಡಬೇಕಾಗುವುದು. ಪುಷ್ಪಕ್ ವಿಮಾನದ ರೆಕ್ಕೆಗಳ ಹರವು 36 ಅಡಿ. ಅಡಿಗೆ ಕಾಲು ಅಂಗುಲದಂತೆ ಲೆಕ್ಕ ಹಾಕಿದರೆ ಪ್ರತಿಕೃತಿಯಲ್ಲಿ ಅದು 9 ಅಂಗುಲವಾಗುವುದು. ಹುಡುಗಿಯ ಕೈ ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ತಪ್ಪಿದರೂ ನಿಜವಾದ ವಿಮಾನದ ಲೆಕ್ಕದಲ್ಲಿ ಅದು 3 ಅಂಗುಲದ ತಪ್ಪು. ಕಪ್ಪು ಹಲಗೆಯ ಮೇಲೆ ಕಲಿತ ಪ್ರಮಾಣದ ಪಾಠವು ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುವುದುಂಟೆ? ಖರ್ಚಾದರೋ ಬಿದಿರಿನ ಸೀಳು, ಹಳೆಯ ರಟ್ಟು, ತೆಳ್ಳನೆಯ ಕಾಗದ, ಗಂಜಿಯ ಅಂಟು, ಇಷ್ಟೇ.

ಸೂಜಿಗೂ ವಿಮಾನಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಇನ್ನೊಂದು ಮಾತು. ಪುಷ್ಪಕ್ ವಿಮಾನದ ರೆಕ್ಕೆಗೆ ಹೊದಿಸಿದ್ದುದು ಬಟ್ಟೆ! ಇಂಥ ವಿಮಾನಗಳಲ್ಲಿ ಬಟ್ಟೆಯನ್ನು ಬಿಗಿಯಾಗಿ ಹೊದಿಸಿ, ಮೇಲೆ ಲೇಪವನ್ನು ಬಳಿದು ಒಣಗಿಸುತ್ತಿದ್ದರು. ಬಟ್ಟೆಯ ಎಳೆಯನ್ನೂ ಬಿಗಿಯನ್ನೂ ಬಲ್ಲ ಕೈಗೆ ಈ ವಿದ್ಯೆ ಹೊಸದಲ್ಲ. 1936ರಲ್ಲಿಯೇ ಸರಳಾ ಠಕ್ರಾಲ್ ಅವರು ಸೀರೆಯುಟ್ಟು ಒಬ್ಬರೇ ವಿಮಾನವನ್ನು ಹಾರಿಸಿದರು. ಅವರ ವಯಸ್ಸು ಆಗ 21. ಅಂದು ಆಕೆಗೆ ದೊರೆತ ಧೈರ್ಯವನ್ನು ಇಂದು ನಮ್ಮ ಮಕ್ಕಳಿಗೆ ನಾವೇ ಬೇಡವೆನ್ನುವುದು ನ್ಯಾಯವೆ?

ಪಾಠಪರೀಕ್ಷೆಗಳ ನಡುವೆ ವೇಳೆ ಸಾಲದೆಂಬುದು ನಿಜ. ಎಲ್ಲ ಹುಡುಗಿಯರೂ ವಿಮಾನ ಕಟ್ಟುವವರಾಗುವುದೂ ಇಲ್ಲ. ವಾರಕ್ಕೊಂದು ಗಂಟೆ ಸಾಕು. ತನ್ನ ತಪ್ಪನ್ನು ತಾನೇ ಅಳೆದು ತಿದ್ದಿಕೊಳ್ಳಬಲ್ಲ ಹುಡುಗಿಯು ಮುಂದೆ ಯಾವ ಮನೆಯಲ್ಲಿದ್ದರೂ ಯಾವ ಉದ್ಯೋಗ ಹಿಡಿದರೂ ಇತರರ ಮಾತಿಗೆ ಸುಮ್ಮನೆ ತಲೆದೂಗುವವಳಾಗಲಾರಳು. ನಮಗೆ ಬೇಕಾದುದು ಅದೇ.

ಹಿರಿಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗಳಲ್ಲಿ ಆ ಕಾರ್ಖಾನೆಯಲ್ಲಿ ದುಡಿದ ಅಜ್ಜಂದಿರಾಗಲಿ ಚಿಕ್ಕಪ್ಪಂದಿರಾಗಲಿ ಇದ್ದರೆ, ಅವರನ್ನು ಒಂದು ದಿನ ಶಾಲೆಗೆ ಕರೆತನ್ನಿರಿ. ಹಳೆಯ ಚಿತ್ರಗಳಿದ್ದರೆ ತೋರಿಸಿರಿ. ಅವರ ಕೈಗಳು ಬಲ್ಲುದನ್ನು ನಮ್ಮ ಮಕ್ಕಳು ಈಗ ಕೇಳದಿದ್ದರೆ ಮುಂದೆ ಹೇಳುವವರು ಇರಲಾರರು. ತನಗೆ ಒಪ್ಪಿಸಿದ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಕಥೆಯನ್ನು ಪ್ರಾರ್ಥನೆಯ ವೇಳೆಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ನಮ್ಮ ಹೆಣ್ಣುಮಕ್ಕಳ ಕೈಗಳಲ್ಲಿರುವುದನ್ನು ನಾವು ಹಾಗೆ ಹೂತಿಡದಿರೋಣ.