ಸುಟ್ಟ ನೆಲದ ಸಾಕ್ಷ್ಯ

ಅಮೆರಿಕದ ಜಾರ್ಜಿಯಾದಲ್ಲಿ ನೆಲೆಸಿದ ನಮ್ಮವರು, ಊರಿನಿಂದ ಬಂದ ತಂದೆತಾಯಿಗಳನ್ನೂ ರಜೆಯಲ್ಲಿರುವ ಮಕ್ಕಳನ್ನೂ ಕರೆದುಕೊಂಡು ಚಳಿಗಾಲದಲ್ಲಿ ಎರಡು ದಿನ ಎಲ್ಲಿಗಾದರೂ ಹೋಗಿಬರೋಣವೆಂದು ಯೋಚಿಸಿದರೆ, ಥಾಮಸ್‌ವಿಲ್ ಪಟ್ಟಣದಿಂದ ಫ್ಲಾರಿಡಾದ ಟ್ಯಾಲಹಾಸಿಯವರೆಗೆ ಹಬ್ಬಿರುವ ರೆಡ್ ಹಿಲ್ಸ್ ಪ್ರಾಂತದ ಲಾವಕ್ಕಿ ಬೇಟೆಗೃಹಗಳ ಹೆಸರನ್ನು ಅಲ್ಲಿಯ ಮಿತ್ರರು ಯಾರಾದರೂ ಎತ್ತದೆ ಇರಲಾರರು. ಬೇಟೆಯೆಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಅಪರಾಧ. ಅಲ್ಲಾದರೋ ಪರವಾನಗಿಗೂ ಋತುನಿಯಮಕ್ಕೂ ಒಳಪಟ್ಟ ವಿನೋದ. ಹಕ್ಕಿಯನ್ನು ಕೊಲ್ಲುವ ವಿನೋದ ನನ್ನ ಮನಸ್ಸಿಗೆ ಒಗ್ಗುವಂಥದಲ್ಲ. ಆದರೂ ಹೋಗುವುದೆಂದು ನಿಶ್ಚಯಿಸಿದವರಿಗೆ ಯಾವ ಗೃಹವನ್ನು ಆರಿಸಬೇಕೆಂಬಲ್ಲಿ ವಿವೇಕಕ್ಕೆ ಅವಕಾಶವುಂಟು. ಮತ್ತು ಆ ವಿವೇಕವು ಮೆತ್ತನೆಯ ಹಾಸಿಗೆ, ಅಗ್ಗಿಷ್ಟಿಕೆ, ಭೋಜನಶಾಲೆಗಳ ಚಿತ್ರಗಳನ್ನು ನೋಡಿ ಹುಟ್ಟತಕ್ಕದ್ದಲ್ಲ.

ನೋಡಬೇಕಾದುದು ನೆಲವನ್ನು. ಅಲ್ಲಿಯ ಲಾವಕ್ಕಿಗೆ, ಅದರ ಸಿಳ್ಳನ್ನೇ ಅನುಕರಿಸಿ, ಬಾಬ್‌ವೈಟ್ ಎಂದು ಹೆಸರು. ಚಳಿಗಾಲದಲ್ಲಿ ಹತ್ತುಹನ್ನೆರಡು ಹಕ್ಕಿಗಳು ಒಂದು ಗುಂಪಾಗಿ ಬಾಳುತ್ತವೆ. ರಾತ್ರಿ ಬಾಲಗಳನ್ನು ಒಳಮುಖವಾಗಿಯೂ ತಲೆಗಳನ್ನು ಹೊರಮುಖವಾಗಿಯೂ ಇರಿಸಿ, ಮೈಗೆ ಮೈ ತಾಗಿಸಿ, ನೆಲದ ಮೇಲೆ ಚಕ್ರಾಕಾರವಾಗಿ ಮಲಗುತ್ತವೆ. ಅಪಾಯ ಸಮೀಪಿಸಿತೆಂದರೆ ಭೋರೆಂಬ ಸದ್ದಿನೊಡನೆ ಒಮ್ಮೆಗೇ ಎಲ್ಲ ದಿಕ್ಕಿಗೂ ಸಿಡಿದೇಳುತ್ತವೆ. ವಿರಳವಾದ ಪೈನ್ ಮರಗಳ ಕೆಳಗೆ ಹುಲ್ಲೂ ಕಳೆಗಿಡಗಳೂ ಬೆಳೆದು, ಅವುಗಳ ಬುಡದಲ್ಲಿ ಮರಿಗಳು ಓಡಾಡುವಷ್ಟು ಬರಿಯ ನೆಲ ಉಳಿದಿದ್ದರೆ ಮಾತ್ರ ಈ ಪಕ್ಷಿಯ ಸಂತತಿ ಅಲ್ಲಿ ವೃದ್ಧಿಸೀತು. ಪೊದೆ ಕವಿದರೆ ಅದು ಕ್ಷಯಿಸುವುದು. ಹಕ್ಕಿ ಕಡಿಮೆಯಾಗುತ್ತಿದೆಯೆಂದು ಅಲ್ಲಿಯ ಶ್ರೀಮಂತ ಭೂಮಾಲಿಕರು ಕಳವಳಗೊಂಡುದರಿಂದ 1924ರಲ್ಲಿ ಸಂಶೋಧನೆಗೆ ಕೈಹಾಕಿದ ಹರ್ಬರ್ಟ್ ಸ್ಟಾಡರ್ಡ್ ಎಂಬ ವಿಜ್ಞಾನಿ, ಬೆಂಕಿಯೇ ಅರಣ್ಯದ ಪರಮಶತ್ರುವೆಂದು ಅರಣ್ಯಾಧಿಕಾರಿಗಳು ಸಾರುತ್ತಿದ್ದ ಕಾಲದಲ್ಲಿ, ಹಿತಮಿತವಾದ ಬೆಂಕಿಯಿಲ್ಲದೆ ಲಾವಕ್ಕಿಯೂ ಉಳಿಯದು, ಲಾಂಗ್‌ಲೀಫ್ ಪೈನ್ ಕಾಡೂ ಉಳಿಯದೆಂದು 1931ರ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು. ಟ್ಯಾಲಹಾಸಿಯ ಬಳಿ 1958ರಲ್ಲಿ ಸ್ಥಾಪಿತವಾದ ಟಾಲ್ ಟಿಂಬರ್ಸ್ ಸಂಶೋಧನ ಕೇಂದ್ರವು ಆ ವಿಚಾರವನ್ನೇ ಬೆಳೆಸಿಕೊಂಡು ಬಂದಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿಯ ವಿಷಯದಲ್ಲಿ ಹೇಳುತ್ತ ಬಂದಿರುವುದು ಇದಕ್ಕಿಂತ ಬಹಳ ಬೇರೆಯಲ್ಲ. ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ, ಅಷ್ಟೆ.

ನೆಲವನ್ನು ಸುಟ್ಟು ಹಕ್ಕಿಗೆ ಹದಗೊಳಿಸುವ ಈ ಶ್ರಮವೆಲ್ಲ ಬೇಡವೆಂದು ಕಂಡ ಗೃಹದವರಿಗೆ ಸುಲಭೋಪಾಯವೊಂದುಂಟು: ಗೂಡಿನಲ್ಲಿ ಸಾಕಿದ ಹಕ್ಕಿಗಳನ್ನು ಬಯಲಿಗೆ ಬಿಟ್ಟು ಅತಿಥಿಗಳಿಂದ ಹೊಡೆಸುವುದು. ಹಣ ಕೊಟ್ಟು ಹೋಗಬಹುದಾದ ಗೃಹಗಳಲ್ಲಿ ಹೆಚ್ಚಿನವು ಈ ಮಾರ್ಗದವೇ. ಕಾಡಿನಲ್ಲೇ ಹುಟ್ಟಿದ ಹಕ್ಕಿಗಳಿರುವ ಭೂಮಿ ಬಹುಮಟ್ಟಿಗೆ ಖಾಸಗಿಯವರದು. ಸಾಕಿದ ಹಕ್ಕಿಯನ್ನು ಬಿಡುವುದು ಅಪರಾಧವಲ್ಲ. ಆದರೆ ಅದನ್ನು ಕಾಡುಹಕ್ಕಿಯೆಂದು ನಂಬಿಸುವವನ ಮನೆಯಲ್ಲಿ ಇನ್ನಾವ ಮಾತನ್ನು ನಂಬುವುದು? ದೇಶಾದ್ಯಂತ ಬಾಬ್‌ವೈಟ್‌ನ ಸಂಖ್ಯೆ 1966ರಿಂದೀಚೆಗೆ ನೂರಕ್ಕೆ ಎಂಬತ್ತಕ್ಕೂ ಮಿಕ್ಕು ಇಳಿದಿರುವಾಗ, ಹಕ್ಕಿ ಎಲ್ಲಿಂದ ಬಂದಿತೆಂದು ಕೇಳುವುದು ಅತಿಥಿಯ ಅಧಿಕಪ್ರಸಂಗವಾಗದು.

ಕುಟುಂಬದ ವಿಷಯದಲ್ಲಿ ಇನ್ನೊಂದು ಮಾತು. ಹೇಸರಗತ್ತೆಗಳನ್ನು ಹೂಡಿದ ಗಾಡಿಯಲ್ಲಿ ಅಜ್ಜಅಜ್ಜಿಯರು ಕುಳಿತು, ಮುಂದೆ ಪಾಯಿಂಟರ್ ನಾಯಿ ಹುಲ್ಲಿನ ನಡುವೆ ಥಟ್ಟನೆ ನಿಂತು, ಬಾಲವನ್ನು ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿಯುವುದನ್ನು ನೋಡುವುದಿದೆಯಷ್ಟೆ, ಕೋವಿ ಮುಟ್ಟದವನಿಗೂ ಅದೊಂದು ಭಾಗ್ಯ. ಆದರೆ 2006ರ ಫೆಬ್ರವರಿಯಲ್ಲಿ, ಟೆಕ್ಸಾಸ್‌ನ ಬಯಲಿನಲ್ಲಿ, ಆಗ ಉಪರಾಷ್ಟ್ರಪತಿಯಾಗಿದ್ದ ಡಿಕ್ ಚೇನಿಯವರು ಹಾರಿದ ಲಾವಕ್ಕಿಯನ್ನು ಅನುಸರಿಸಿ ತಿರುಗಿದವರೇ ಗುಂಡು ಹಾರಿಸಲು, ಚರೆಗಳು ಜೊತೆಗಾರರಾದ 78 ವರ್ಷದ ಹ್ಯಾರಿ ವಿಟಿಂಗ್ಟನ್ನರ ಮುಖಕ್ಕೂ ಎದೆಗೂ ತಗುಲಿದುವು. ಅಂಥವರ ಕೈಯಲ್ಲೇ ಹೀಗಾಗಬಹುದಾದರೆ ಹೊಸಬರ ಪಾಡೇನು? ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಕೋವಿ ಕೊಡದ, ಕಿತ್ತಳೆ ಬಣ್ಣದ ಅಂಗಿಯಿಲ್ಲದವರನ್ನು ಗಾಡಿಯಿಂದ ಇಳಿಯಗೊಡದ, ಹಕ್ಕಿಯ ಹಿಂದೆ ಆಕಾಶ ಕಾಣದಿದ್ದರೆ ಹೊಡೆಯಬೇಡಿರೆಂದು ಯಜಮಾನನನ್ನೂ ಗದರಿಸಬಲ್ಲ ಮಾರ್ಗದರ್ಶಿಯಿರುವ ಗೃಹವೇ ಮಕ್ಕಳೊಂದಿಗರಿಗೆ ತಕ್ಕುದು.

ಬಿಳಿಯ ಕಂಬಗಳ ಮಹಲುಗಳಾದ ಈ ಬೇಟೆಗೃಹಗಳು ಹಲವೆಡೆ ಗುಲಾಮರ ದುಡಿಮೆಯಿಂದ ಎದ್ದ ಹತ್ತಿಯ ತೋಟಗಳ ಮೇಲೆ ನಿಂತಿವೆಯೆಂಬುದನ್ನೂ ಮಕ್ಕಳಿಗೆ ತಿಳಿಸಿದರೆ ಒಳಿತು. ಅದನ್ನು ಮರೆಮಾಚುವ ಗೃಹದವರ ಬಗೆಗೆ ನನಗೆ ಗೌರವ ಕಡಿಮೆ.

ಆದುದರಿಂದ ಕೋಣೆಯ ಬಾಡಿಗೆಯನ್ನು ವಿಚಾರಿಸುವ ಮೊದಲು, ಕಳೆದ ವಸಂತದಲ್ಲಿ ನಿಮ್ಮ ಭೂಮಿಯ ಎಷ್ಟು ಭಾಗವನ್ನು ಸುಟ್ಟಿರಿ ಎಂದು ದೂರವಾಣಿಯಲ್ಲಿ ಕೇಳಿರಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಗೃಹವನ್ನು ನೋಡಿಕೊಳ್ಳಿರಿ.